‘ಟಕ್’ ಅಂದರೆ ಸಾಕೇ? ಪಿನ್ನಿನಿಂದ ಪಂಪಿನವರೆಗಿನ ತಪ್ಪು ಕಲ್ಪನೆಗಳು

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿ ಈಗ ಸುದ್ದಿಯೇ ಅಲ್ಲ. ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟ್ ಸಿಗುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ. ಅದೂ ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ತೋಟಕ್ಕೆ ಓಡದೆ ಮೋಟಾರ್ ಶುರು ಮಾಡುವ ದಾರಿ ಯಾರಿಗೆ ಬೇಡ? ರೇಷ್ಮೆ ಹುಳು ಮನೆಯ ಹೀಟರ್, ಚಿಕ್ಕಬಳ್ಳಾಪುರದ ಪಾಲಿಹೌಸಿನ ಫಾಗರ್, ಡ್ರಿಪ್ ವಾಲ್ವ್ ಎಲ್ಲಕ್ಕೂ ಇದೇ ಆಸೆ. ಮನೆಯಲ್ಲೊಬ್ಬರು ಡಿಪ್ಲೊಮಾ ಓದುತ್ತಿದ್ದರಂತೂ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಆರ್ಡುಯಿನೋ ಅಥವಾ ನೋಡ್‌ಎಂಸಿಯು ಬೋರ್ಡು, ಜೊತೆಗೊಂದು ನೀಲಿ ಡಬ್ಬಿಯ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್, ಮನೆಗೆ ಬರುತ್ತದೆ. ಅದರ ಹಿಂದೆಯೇ ಒಂದಷ್ಟು ನಂಬಿಕೆಗಳೂ ಬರುತ್ತವೆ.

“ರಿಲೇ 5 ವೋಲ್ಟಿಂದು, ಪಿನ್ನೂ 5 ವೋಲ್ಟ್ ಕೊಡುತ್ತೆ. ನೇರ ಸೇರಿಸಿದರಾಯಿತು”

ಎಲ್ಲ ತಪ್ಪುಗಳಿಗೂ ಇದೇ ಬೇರು. ವೋಲ್ಟ್ ಹೊಂದಿದರೆ ಸಾಲದು, ಆಂಪಿಯರ್ ಕೂಡ ಹೊಂದಬೇಕು. ಅಂಗಡಿಯಲ್ಲಿ ಸಿಗುವ 5 ವೋಲ್ಟಿನ ಮಾಮೂಲಿ ನೀಲಿ ರಿಲೇಯ ಕಾಯಿಲ್ ಸುಮಾರು 70 ಓಮ್. 5 ವೋಲ್ಟ್ ಪೂರ್ತಿ ಸಿಕ್ಕರೆ ಅದು ಎಳೆಯುವುದು 71 ಮಿಲಿ ಆಂಪಿಯರ್. ಆರ್ಡುಯಿನೋ ಉನೋದ ಒಂದು ಪಿನ್ನಿನ ಕಟ್ಟಕಡೆಯ ಮಿತಿ 40 ಮಿಲಿ ಆಂಪಿಯರ್. ನೆಮ್ಮದಿಯಾಗಿ ಕೊಡಬಲ್ಲದ್ದು 20. ನೋಡ್‌ಎಂಸಿಯುವಿನಲ್ಲಿರುವ ಇಎಸ್‌ಪಿ8266 ಚಿಪ್ಪಿನ ಪಿನ್ನಿಗೆ 3.3 ವೋಲ್ಟ್, ಬರೀ 12 ಮಿಲಿ ಆಂಪಿಯರ್.

“ಆದರೆ ನಮ್ಮಲ್ಲಿ ನೇರ ಕೊಟ್ಟರೂ ಟಕ್ ಅಂತಲ್ಲ!” ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಉನೋ ಪಿನ್ನಿನ ಒಳಗೇ ಸುಮಾರು 25 ಓಮ್ ತಡೆ ಅಡಗಿದೆ. ಕಾಯಿಲ್ಲಿನ 70 ಓಮ್ ಅದಕ್ಕೆ ಸರಣಿಯಲ್ಲಿ ಸೇರಿದಾಗ ರಿಲೇಗೆ ತಲುಪುವುದು 5 ವೋಲ್ಟ್ ಅಲ್ಲ, 3.7ರ ಆಸುಪಾಸು. ಈ ರಿಲೇ ಎಳೆದುಕೊಳ್ಳುತ್ತದೆಂದು ತಯಾರಕರು ಖಾತರಿ ಕೊಡುವುದು 3.75 ವೋಲ್ಟಿನಿಂದ ಮೇಲಕ್ಕೆ. ಅಂದರೆ ಅದು ಕೂದಲೆಳೆಯ ಅಂಚಿನಲ್ಲಿ ನಿಂತು ‘ಟಕ್’ ಅನ್ನುತ್ತಿದೆ, ಪಿನ್ನು ಮಾತ್ರ ಮಿತಿ ಮೀರಿ 50ಕ್ಕೂ ಹೆಚ್ಚು ಮಿಲಿ ಆಂಪಿಯರ್ ಹೊರುತ್ತಿದೆ. ಇನ್ನು ಕಾಯಿಲ್ಲಿನ ತಾಮ್ರದ ತಂತಿ ಬಿಸಿಯಾದಂತೆಲ್ಲ ಅದರ ತಡೆ ಏರುತ್ತದೆ, ಪ್ರತಿ 10 ಡಿಗ್ರಿಗೆ ಸುಮಾರು ಶೇ. 4ರಷ್ಟು. ತಡೆ ಏರಿದರೆ ಎಳೆತಕ್ಕೆ ಬೇಕಾದ ವೋಲ್ಟೂ ಏರುತ್ತದೆ. ಡಿಸೆಂಬರಿನ ರಾತ್ರಿ ಮನೆಯ ಮೇಜಿನ ಮೇಲೆ ಚೆನ್ನಾಗಿ ನಡೆದದ್ದು ಮೇ ತಿಂಗಳಲ್ಲಿ ತಗಡಿನ ಪಂಪ್‌ಹೌಸಿನೊಳಗೆ ಕೈಕೊಡುವುದು ಇದಕ್ಕೇ. ಗ್ರಹಚಾರವೂ ಅಲ್ಲ, ಚೀನಾ ಮಾಲೂ ಅಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. ಕಣ್ಣಿಗೆ ಕಂಡದ್ದನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಜೀವನವಿಡೀ ಜಗಳಾಡಿದವರು. ಕಿವಿಗೆ ಕೇಳಿದ ‘ಟಕ್’ ಕೂಡ ಆ ಪರೀಕ್ಷೆಗೆ ಒಳಪಡಬೇಕಲ್ಲವೇ? ನೂರಿನ್ನೂರು ರೂಪಾಯಿಯ ಮಲ್ಟಿಮೀಟರನ್ನು ಪಿನ್ನಿಗೂ ಗ್ರೌಂಡಿಗೂ ಹಿಡಿದರೆ ಸತ್ಯ ಗೊತ್ತಾಗುತ್ತದೆ.

ಎರಡು ಪಿನ್ ಜೋಡಿಸಿ ಕೊಟ್ಟರೆ ಬಲ ಹೆಚ್ಚುತ್ತದೆ ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಪ್ರೋಗ್ರಾಮಿನಲ್ಲಿ ಒಂದು ಪಿನ್ ಮೇಲಿದ್ದು ಇನ್ನೊಂದು ಕ್ಷಣಹೊತ್ತು ಕೆಳಗಿದ್ದರೂ ಎರಡೂ ಪರಸ್ಪರ ಶಾರ್ಟ್ ಆಗುತ್ತವೆ. ಬೇಡ.

“ಮಧ್ಯೆ ಟ್ರಾನ್ಸಿಸ್ಟರ್ ಇಟ್ಟೆನಲ್ಲ, ಇನ್ನು ಚಿಂತೆಯಿಲ್ಲ”

ಟ್ರಾನ್ಸಿಸ್ಟರ್ ಇಟ್ಟದ್ದು ಸರಿ. ಪಿನ್ನು ಕೊಡಬೇಕಾದದ್ದು ಅಪ್ಪಣೆ. ಬಲ ಬರಬೇಕಾದದ್ದು ಪವರ್ ಸಪ್ಲೈನಿಂದ. ಒಂದು ಬಿಸಿ547, ಅದರ ಬೇಸ್‌ಗೆ ಒಂದು ರೆಸಿಸ್ಟರ್ ಇದ್ದರೆ ಆ ಕೆಲಸ ನಡೆಯುತ್ತದೆ. ಆದರೆ ಎಲ್ಲರೂ ಕಣ್ಣು ಮುಚ್ಚಿ 10 ಕೆ ರೆಸಿಸ್ಟರ್ ಹಾಕುತ್ತಾರೆ. 3.3 ವೋಲ್ಟಿನ ಪಿನ್ನಿನಲ್ಲಿ ಟ್ರಾನ್ಸಿಸ್ಟರಿನ 0.7 ವೋಲ್ಟ್ ಕಳೆದರೆ ಉಳಿಯುವುದು 2.6, ಅದನ್ನು 10 ಸಾವಿರದಿಂದ ಭಾಗಿಸಿದರೆ ಸಿಗುವುದು ಕಾಲು ಮಿಲಿ ಆಂಪಿಯರ್. ಅಷ್ಟರಿಂದ ಟ್ರಾನ್ಸಿಸ್ಟರ್ ಪೂರ್ತಿ ತೆರೆಯುವುದಿಲ್ಲ; ಅರ್ಧ ತೆರೆದು ತಾನೇ ಬಿಸಿಯಾಗುತ್ತದೆ. 71 ಮಿಲಿ ಆಂಪಿಯರ್ ಹರಿಯಬೇಕಾದಲ್ಲಿ ಬೇಸ್‌ಗೆ ಅದರ ಹತ್ತನೇ ಒಂದು ಪಾಲು, ಅಂದರೆ 7 ಮಿಲಿ ಆಂಪಿಯರ್ ಕೊಡುವುದು ಹಳೆಯ, ನಂಬಲರ್ಹ ಲೆಕ್ಕ. 3.3 ವೋಲ್ಟಿನ ಬೋರ್ಡಿಗೆ 390 ಓಮ್, 5 ವೋಲ್ಟಿನ ಬೋರ್ಡಿಗೆ 560 ಓಮ್ ಹಾಕಿ. ನಾಲ್ಕೈದು ರಿಲೇ ಬೇಕಿದ್ದರೆ ಯುಎಲ್‌ಎನ್2003 ಎಂಬ ಒಂದೇ ಚಿಪ್ಪಿನಲ್ಲಿ ಏಳು ಜೋಡಿ ಟ್ರಾನ್ಸಿಸ್ಟರುಗಳು ರೆಸಿಸ್ಟರ್, ಡಯೋಡ್ ಸಮೇತ ಸಿಗುತ್ತವೆ. ಅದು ತನ್ನ ಪಾಲಿಗೆ ಸುಮಾರು ಒಂದು ವೋಲ್ಟ್ ನುಂಗುವುದರಿಂದ 12 ವೋಲ್ಟಿನ ರಿಲೇಗೆ ಹೆಚ್ಚು ಹೊಂದುತ್ತದೆ.

“ಡಯೋಡ್ ಇಲ್ಲದೆಯೂ ನಡೆಯುತ್ತಿದೆ”

ನಡೆಯುತ್ತದೆ, ಕೆಲ ಕಾಲ. ದುರ್ಬಲ ಕರೆಂಟಿನಿಂದ ಬಲವಾದ ಇನ್ನೊಂದು ಸರ್ಕ್ಯೂಟನ್ನು ಆಳುವ ರಿಲೇಯ ಉಪಾಯವನ್ನು 1835ರ ಸುಮಾರಿಗೆ ಮಾಡಿ ತೋರಿಸಿದ ಅಮೆರಿಕದ ಜೋಸೆಫ್ ಹೆನ್ರಿಯೇ, ಸುರುಳಿಯೊಳಗೆ ಹರಿಯುವ ಕರೆಂಟ್ ತಟ್ಟನೆ ನಿಲ್ಲಲು ಒಪ್ಪುವುದಿಲ್ಲ ಎಂಬ ಗುಣವನ್ನೂ ಅಧ್ಯಯನ ಮಾಡಿದವನು. ಆ ಗುಣದ ಅಳತೆಮಾನಕ್ಕೆ ಇಂದಿಗೂ ಅವನದೇ ಹೆಸರು. ರಿಲೇ ಆಫ್ ಮಾಡಿದ ಗಳಿಗೆಯಲ್ಲಿ ಕಾಯಿಲ್ ತನ್ನೊಳಗಿನ ಶಕ್ತಿಯನ್ನು ಎಲ್ಲಾದರೂ ಹೊರಹಾಕಲೇಬೇಕು. ದಾರಿ ಇಲ್ಲದಿದ್ದರೆ ನೂರಾರು ವೋಲ್ಟಿನ ಏಟಾಗಿ ಹೊಡೆಯುತ್ತದೆ. ಬಿಸಿ547 ತಾಳುವುದು 45 ವೋಲ್ಟ್. ಪ್ರತಿ ಆಫ್‌ಗೂ ಒಂದು ಏಟು ತಿಂದು ತಿಂದು ಅದು ಒಂದು ದಿನ ಶಾರ್ಟ್ ಆಗಿ ಕೂರುತ್ತದೆ. ಆಮೇಲೆ ರಿಲೇ ಆಫ್ ಆಗುವುದೇ ಇಲ್ಲ.

ಒಂದು ರೂಪಾಯಿಯ 1ಎನ್4007 ಡಯೋಡನ್ನು ಕಾಯಿಲ್ಲಿನ ಎರಡು ತುದಿಗೆ, ಬೆಳ್ಳಿ ಗೆರೆಯ ತುದಿ ಪ್ಲಸ್ ಕಡೆಗೆ ಬರುವಂತೆ ಬೆಸೆದರೆ ಸಾಕು. “ಇದು ನಿಧಾನದ ಡಯೋಡ್, ಫಾಸ್ಟ್ ಡಯೋಡೇ ಬೇಕು” ಎಂದು ಅಂಗಡಿಯವರು ಹೇಳಿದರೆ ನಗಬಹುದು. ಈ ಡಯೋಡಿನ ನಿಧಾನವಿರುವುದು ಮುಚ್ಚುವುದರಲ್ಲಿ, ತೆರೆಯುವುದರಲ್ಲಲ್ಲ. ಗಂಟೆಗೊಮ್ಮೆ ಬಡಿಯುವ ರಿಲೇಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮೋಟಾರ್ ಸ್ಟಾರ್ಟರಿನೊಳಗಿನ, ಎ.ಸಿ. ಮೇಲೆ ನಡೆಯುವ ಕಾಂಟ್ಯಾಕ್ಟರ್ ಕಾಯಿಲ್‌ಗೆ ಇದೇ ಡಯೋಡ್ ಹಾಕಿದರೆ ನೇರ ಶಾರ್ಟ್. ಅಲ್ಲಿಗೆ ರೆಸಿಸ್ಟರ್-ಕೆಪಾಸಿಟರ್ ಜೋಡಿಯ ಸ್ನಬ್ಬರ್ ಬೇಕು. ಮೋಟಾರ್ ಆಫ್ ಆದಾಗಲೆಲ್ಲ ಬೋರ್ಡು ತಾನೇ ರೀಸೆಟ್ ಆಗುತ್ತಿದ್ದರೆ, ಪ್ರೋಗ್ರಾಮನ್ನು ಬೈಯುವ ಮೊದಲು ಆ ಸ್ನಬ್ಬರ್ ಇದೆಯೇ ನೋಡಿ.

“ಆಪ್ಟೋಕಪ್ಲರ್ ಇರುವ ಮಾಡ್ಯೂಲ್, ಪೂರ್ತಿ ಪ್ರತ್ಯೇಕ”

ಆಪ್ಟೋಕಪ್ಲರ್ ಅಪ್ಪಣೆಯನ್ನು ಬೆಳಕಿನ ಮೂಲಕ ದಾಟಿಸುತ್ತದೆ, ನಿಜ. ಆದರೆ ಪೂರ್ತಿ ಪ್ರತ್ಯೇಕವಾಗುವುದು ಜಂಪರ್ ತೆಗೆದರೆ ಮಾತ್ರ. ರಿಲೇ ಮಾಡ್ಯೂಲಿನ ಅಂಚಿನಲ್ಲಿ ‘ಜೆಡಿ-ವಿಸಿಸಿ’ ಎಂಬ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಟೋಪಿಯೇ ಆ ಜಂಪರ್. ಅದು ಅಲ್ಲಿರುವ ತನಕ ರಿಲೇಗೂ ಬೋರ್ಡಿಗೂ ಒಂದೇ ಸಪ್ಲೈ, ಒಂದೇ ಗ್ರೌಂಡ್. ಇಂಥ ಬಹುಪಾಲು ಮಾಡ್ಯೂಲುಗಳು ಪಿನ್ ಕೆಳಗಿಳಿದಾಗ ಆನ್ ಆಗುವಂಥವು ಎಂಬುದೂ ನೆನಪಿರಲಿ. ಕರೆಂಟ್ ಹೋಗಿ ಬಂದಾಗ, ಪ್ರೋಗ್ರಾಮ್ ಎದ್ದು ಕೂರುವ ಮೊದಲೇ, ರಿಲೇ ಒಮ್ಮೆ ಬಡಿಯಬಹುದು. ಬಲ್ಬಿಗಾದರೆ ತೊಂದರೆಯಿಲ್ಲ, ಮೋಟಾರ್ ಸ್ಟಾರ್ಟರಿಗೆ ಆ ಒಂದು ಬಡಿತವೇ ಸ್ಟಾರ್ಟ್ ಬಟನ್.

“10 ಆಂಪಿಯರ್ ಅಂತ ಮೇಲೇ ಬರೆದಿದೆ”

ಬರೆದಿದೆ, ನಿಜ. ಅದು ಹೀಟರಿನಂಥ ಸಾದಾ ಲೋಡಿನ ಲೆಕ್ಕ. ಮೋಟಾರ್ ಹೊರಡುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಕೂಡ ಆ ಕ್ಷಣದಲ್ಲಿ ನೀಲಿ ಡಬ್ಬಿಯ ಕಾಂಟ್ಯಾಕ್ಟನ್ನು ಬೆಸೆದುಬಿಡಬಲ್ಲದು.

ಹೀಟರಿಗಾದರೂ ಧಾರಾಳವಿಲ್ಲ. 2000 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ 8.7 ಆಂಪಿಯರ್, ಇಡೀ ರಾತ್ರಿ ಅಷ್ಟು ಹರಿದರೆ ಮಾಡ್ಯೂಲಿನ ತೆಳು ತಾಮ್ರದ ಪಟ್ಟಿ, ಸಡಿಲ ಸ್ಕ್ರೂ ಸುಡಲು ಶುರುವಾಗುತ್ತವೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುವಿಗೆ ಹಿತವಾದದ್ದು 24-25 ಡಿಗ್ರಿ. ಕಾಂಟ್ಯಾಕ್ಟ್ ಬೆಸೆದುಕೊಂಡರೆ ಬೋರ್ಡು ‘ಆಫ್’ ಅಂತ ಮೊಬೈಲಿಗೆ ತೋರಿಸುತ್ತಲೇ ಇರುತ್ತದೆ, ಹುಳು ಮನೆ ಕಾಯುತ್ತಲೇ ಇರುತ್ತದೆ. ಬೆಳಿಗ್ಗೆ ಗೂಡಿನ ಆಸೆ ಬಿಡಬೇಕಾದೀತು. ಆದ್ದರಿಂದ ಆಫ್ ಮಾಡಿದ ಮೇಲೆ ನಿಜವಾಗಿ ಆಫ್ ಆಯಿತೇ ಎಂದು ಹೇಳುವ ಒಂದು ಕರೆಂಟ್ ಸೆನ್ಸರ್ ಇಡುವುದು ಒಳ್ಳೆಯದು. ಸಾಲಿಡ್ ಸ್ಟೇಟ್ ರಿಲೇ ಹಾಕಿದರೆ ಈ ಕಷ್ಟವಿಲ್ಲ ಎನ್ನುವವರಿಗೆ: ಅದು ಕೆಟ್ಟಾಗ ಸಾಮಾನ್ಯವಾಗಿ ಕೆಡುವುದು ಆನ್ ಆಗಿಯೇ. ಜೊತೆಗೆ ಪ್ರತಿ ಆಂಪಿಯರಿಗೆ ಸುಮಾರು ಒಂದು ವ್ಯಾಟ್ ಶಾಖ ಚೆಲ್ಲುತ್ತದೆ. ಹೀಟ್‌ಸಿಂಕ್ ಇಲ್ಲದೆ ಆಗದು.

“ಸ್ಟಾರ್ಟರಿನ ಬಟನ್‌ಗೆ ಸೇರಿಸಿದರೆ ಸಣ್ಣ ಕರೆಂಟು ತಾನೇ?”

ಸಣ್ಣದೇ. ಆದರೆ ಎಷ್ಟು ವೋಲ್ಟು ಎಂದು ಯಾರೂ ಕೇಳುವುದಿಲ್ಲ, ಇದೇ ಎಲ್ಲಕ್ಕಿಂತ ಅಪಾಯದ ನಂಬಿಕೆ. ಮೋಟಾರಿನ ಭಾರವನ್ನು ಕಾಂಟ್ಯಾಕ್ಟರಿಗೆ ಬಿಟ್ಟು ರಿಲೇಯಿಂದ ಬರೀ ಬಟನ್ ಕೆಲಸ ಮಾಡಿಸುವ ಯೋಚನೆ ಸರಿಯಾದದ್ದೇ. ಆದರೆ ನಮ್ಮ ತೋಟಗಳ ಅನೇಕ ಸ್ಟಾರ್ಟರುಗಳಲ್ಲಿ ನ್ಯೂಟ್ರಲ್ ಇರುವುದಿಲ್ಲ. ಕಾಯಿಲ್ ಎರಡು ಫೇಸ್‌ಗಳ ನಡುವೆ, 415 ವೋಲ್ಟಿನಲ್ಲಿ ಕೂತಿರುತ್ತದೆ. ಮೋಟಾರ್ ನಿಂತಿರುವಾಗ ಸ್ಟಾರ್ಟ್ ಬಟನ್ನಿನ ಎರಡು ತುದಿಗಳ ನಡುವೆಯೂ ಅಷ್ಟೇ ವೋಲ್ಟ್. ನೀಲಿ ರಿಲೇಯ ಮಿತಿ 250. ಅದನ್ನು ಅಲ್ಲಿ ಕಟ್ಟಿ, ಮೇಲೊಂದು ಹಲ್ಲಿ ಬಿದ್ದರೆ ಬೋರ್ಡಿನ ಜೊತೆ ಮನೆಯ ಮಕ್ಕಳೂ ಅಪಾಯಕ್ಕೆ ಸಿಕ್ಕುತ್ತಾರೆ. ಇದಕ್ಕೆ 440 ವೋಲ್ಟ್ ತಾಳುವ ಸಹಾಯಕ ಕಾಂಟ್ಯಾಕ್ಟರ್ ಅಥವಾ ನಿಯಂತ್ರಣ ಟ್ರಾನ್ಸ್‌ಫಾರ್ಮರ್ ಬೇಕು. ಓವರ್‌ಲೋಡ್ ರಿಲೇ, ಫೇಸ್ ತಪ್ಪಿದರೆ ನಿಲ್ಲಿಸುವ ಪ್ರಿವೆಂಟರ್ ಇದ್ದಲ್ಲೇ ಇರಲಿ. ಅವನ್ನು ಬೈಪಾಸ್ ಮಾಡಿದ ಆಟೋಮ್ಯಾಟಿಕ್, ಮೋಟಾರ್ ಸುಡುವ ಆಟೋಮ್ಯಾಟಿಕ್.

ಇನ್ನೊಂದು ವಿಷಯ, ಇದು ನಮ್ಮೊಬ್ಬರದಲ್ಲ. ಕರೆಂಟ್ ಬಂದ ತಕ್ಷಣ ಎಲ್ಲರ ಪಂಪೂ ಒಟ್ಟಿಗೆ ಹೊರಟರೆ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲ. ಪ್ರೋಗ್ರಾಮ್ ಬರೆಯುವವರು ಕರೆಂಟ್ ಬಂದ ಮೇಲೆ ಕೆಲವು ನಿಮಿಷ, ಪಕ್ಕದ ತೋಟದವರಿಗಿಂತ ಬೇರೆಯಾದ ಕೆಲವು ನಿಮಿಷ, ಕಾದು ಪಂಪ್ ಶುರುವಾಗುವಂತೆ ಒಂದು ಸಾಲು ಸೇರಿಸಿ.

ಬೋರ್ಡಿನಿಂದ ರಿಲೇ ಕಾಯಿಲ್‌ವರೆಗಿನ ಕೆಲಸವನ್ನು ಮಕ್ಕಳು ಮಾಡಲಿ, ಸುಟ್ಟರೆ ಸುಡುವುದು ಬೋರ್ಡು, ಟ್ರಾನ್ಸಿಸ್ಟರು ಮಾತ್ರ. ಅಲ್ಲಿಂದಾಚೆ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈ ಹಾಕಲಿ. ಅವರೂ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡೇ ಪೆಟ್ಟಿಗೆ ತೆರೆಯಲಿ.