ನಿಮಗಿದು ಗೊತ್ತೆ? ಈ ಬಸ್ ಡ್ರೈವರ್‌ಗೆ ಸಂಬಳವಿಲ್ಲ!

ನೆದರ್ಲೆಂಡ್ಸ್‌ನ ಹಳ್ಳಿಗಳಲ್ಲಿ ಓಡುವ ‘ಬ್ಯೂರ್ಟ್‌ಬಸ್’ಗಳ ಚಾಲಕರು ಸಂಬಳ ಪಡೆಯುವುದಿಲ್ಲ. ಸ್ಟೀರಿಂಗ್ ಹಿಡಿಯುವವರು ಊರಿನ ಸ್ವಯಂಸೇವಕರೇ. ಅವರಲ್ಲಿ ನಿವೃತ್ತರೇ ಹೆಚ್ಚು. 1977ರಿಂದ ಈ ಪದ್ಧತಿ ನಡೆದುಬಂದಿದೆ.

ಹಾಗೆಂದು ಇದು ಮನಸ್ಸು ಬಂದಾಗ ಹೊರಡುವ ಗಾಡಿಯಲ್ಲ. ಗೊತ್ತಾದ ಮಾರ್ಗವಿದೆ, ವೇಳಾಪಟ್ಟಿಯಿದೆ. ಪ್ರಯಾಣಿಕರಿಗೆ ಸೀಟು ಮಾತ್ರ ಎಂಟೇ! ಅಷ್ಟು ಜನರಿಗಾದರೆ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಒಬ್ಬರು ಹೆಚ್ಚಾದರೂ ಬಸ್ ಲೈಸೆನ್ಸ್ ಬೇಕು. ಹಾಗಾಗಿ ಒಂಬತ್ತನೆಯವರು ನಿಲ್ದಾಣದಲ್ಲಿ ಕೈ ಅಡ್ಡ ಹಾಕಿದರೂ ಹತ್ತಿಸಿಕೊಳ್ಳುವಂತಿಲ್ಲ.

ದೊಡ್ಡ ಬಸ್ಸು ಓಡಿಸಿದರೆ ಡೀಸೆಲ್ ಖರ್ಚೂ ಗಿಟ್ಟದ ಊರುಗಳಿಗೆ, ಅದರಲ್ಲೂ ಕಾರು ಓಡಿಸಲಾಗದ ವೃದ್ಧರಿಗೆ, ಇದು ದೊಡ್ಡ ಆಸರೆ. ಪಕ್ಕದ ಜರ್ಮನಿಯಲ್ಲೂ 1985ರಿಂದ ಇಂಥ ಬಸ್ಸುಗಳಿವೆ.