ಗಾಳಿಯ ಲೆಕ್ಕ

"ಯಾವಾಗ ಆಫ್ ಆಗುತ್ತೆ ಸಾರ್?"

"ಯಾವಾಗ ಬೇಕಾದ್ರೂ ಆಗುತ್ತೆ ಅಣ್ಣ."

ಮೇಸ್ತ್ರಿ ಆ ಉತ್ತರವನ್ನು ಒಪ್ಪಲಿಲ್ಲ, ಬಾನೆಟ್ಟನ್ನೂ ಎತ್ತಲಿಲ್ಲ. ಬೆಂಗಳೂರಿನ ಆ ಪುಟ್ಟ ಗ್ಯಾರೇಜಿನಲ್ಲಿ ಸ್ಟೂಲ್ ಎಳೆದುಕೊಂಡು ಕೂತು ನನ್ನ ಗೆಳೆಯನನ್ನು ಹತ್ತು ನಿಮಿಷ ವಿಚಾರಿಸಿದರು. ಕಾರು ಹದಿನಾಲ್ಕು ವರ್ಷ ಹಳೆಯದು, 1.8 ಲೀಟರ್ ಟರ್ಬೊ ಪೆಟ್ರೋಲ್. ಎರಡು ತಿಂಗಳಿಂದ ಓಡುತ್ತ ಓಡುತ್ತಲೇ ಬಂದ್ ಬೀಳುತ್ತಿತ್ತು. ಬೇರೆ ಕಡೆ ಪೆಟ್ರೋಲ್ ಪಂಪ್ ಹೊಸದು ಹಾಕಿಸಿದ್ದಾಯಿತು, ಏರ್‌ಫ್ಲೋ ಸೆನ್ಸರ್ ಬದಲಿಸಿದ್ದಾಯಿತು, ಥ್ರಾಟಲ್ ಬಾಡಿ ತೊಳೆಸಿದ್ದಾಯಿತು. ಬಿಲ್ಲಿನ ಕಂತೆ ದಪ್ಪವಾಯಿತು, ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು.

ತಣ್ಣಗಿದ್ದಾಗ ಆಫ್ ಆಗುತ್ತೋ, ಬಿಸಿಯಾದ ಮೇಲೋ? ಟ್ಯಾಂಕ್ ತುಂಬಿಸಿದ ಕೂಡಲೇ ಏನಾದರೂ? ಏಸಿ ಹಾಕಿರುತ್ತೀರಾ? ಆರ್‌ಪಿಎಂ ಮುಳ್ಳು ದಡಕ್ಕನೆ ಸೊನ್ನೆಗೆ ಬೀಳುತ್ತೋ, ತಡವರಿಸಿ ಇಳಿಯುತ್ತೋ? ಕೀ ತಿರುಗಿಸಿದರೆ ಆಗಲೇ ಸ್ಟಾರ್ಟ್ ಆಗುತ್ತೋ, ಅರ್ಧ ಗಂಟೆ ಕಾಯಬೇಕೋ?

ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಕಾಯಿಲೆ ಕೂತಿರುತ್ತದೆ. ಬಿಸಿಯಾದಾಗ ಮುಳ್ಳು ದಡಕ್ಕನೆ ಬಿದ್ದು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ ಅನುಮಾನ ಮೊದಲು ಹೋಗುವುದು ಕ್ರ್ಯಾಂಕ್ ಸೆನ್ಸರ್ ಮೇಲೆ. ಬಹಳಷ್ಟು ಎಂಜಿನ್‌ಗಳಲ್ಲಿ ಈ ಸೆನ್ಸರ್ ಎದುರು 60 ಹಲ್ಲುಗಳ ಅಳತೆಯ ಚಕ್ರವೊಂದು ತಿರುಗುತ್ತದೆ, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಆ ಬೊಚ್ಚು ಜಾಗ ಎದುರಿಗೆ ಬಂದಾಗಲೇ ಪಿಸ್ಟನ್ ಎಲ್ಲಿದೆಯೆಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಯುವುದು. ಕಾವಿಗೆ ಸೆನ್ಸರಿನೊಳಗಿನ ತಂತಿ ಸಂಪರ್ಕ ಬಿಟ್ಟರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಟ್ಯಾಂಕ್ ತುಂಬಿಸಿದ ಮೇಲೆಯೇ ತಡವರಿಸಿದರೆ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲವೇನೋ ಎಂದು ನೋಡಬೇಕು.

ಗೆಳೆಯ ಯೋಚಿಸಿ ಯೋಚಿಸಿ ಕೊನೆಗೆ ಹೇಳಿದ. "ಜೋರಾಗಿ ಬಂದು, ಹಂಪ್ ಕಂಡು ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದ್ರೆ ಸಾಕು, ಮುಳ್ಳು ಅಲ್ಲಾಡ್ಕೊಂಡು ಇಳಿದು ಆಫ್. ನಿಧಾನಕ್ಕೆ ಬಂದ್ರೆ ಏನೂ ಆಗಲ್ಲ."

"ಶಬ್ದ ಏನಾದ್ರೂ ಬದಲಾಗಿದೆಯಾ?"

"ಈಚೆಗೆ ಆಕ್ಸಿಲರೇಟರ್ ಬಿಟ್ಟಾಗೆಲ್ಲ ಪುಸ್ ಅಂತ ಚೆನ್ನಾಗಿ ಕೇಳುತ್ತೆ ಅಣ್ಣ, ರೇಸ್ ಕಾರಿನ ಥರ."

ಮೇಸ್ತ್ರಿ ತಲೆಯಾಡಿಸಿ ಎದ್ದರು. ರೋಗದ ಅರ್ಧ ಅವರಿಗೆ ಆಗಲೇ ಗೊತ್ತಾಗಿತ್ತೆಂದು ನನಗೀಗ ಅನ್ನಿಸುತ್ತದೆ.

ಸೈಲೆನ್ಸರಿಗೆ ಹೊರಟ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಟರ್ಬೊದ ಕೆಲಸ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಂದಿನ ಕಾರುಗಳಲ್ಲಿ ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲ್ ಹೆಚ್ಚಬೇಕು. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು ಗಾಳಿ 14.7 ಕಿಲೋ ಬೇಕು. ಹಾಗಾಗಿ ಗಾಳಿ ಎಷ್ಟು ಬಂತೆಂದು ಅಳೆಯದೆ ಕಂಪ್ಯೂಟರ್ ಒಂದು ಹನಿಯನ್ನೂ ಬಿಡುವಂತಿಲ್ಲ. ಕೆಲವು ಕಾರುಗಳಲ್ಲಿ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುತ್ತದೆ. ಈ ಕಾರಿನಲ್ಲಿ ಏರ್ ಫಿಲ್ಟರ್ ದಾಟಿದ ಕೂಡಲೇ ಏರ್‌ಫ್ಲೋ ಸೆನ್ಸರ್ ಕೂತು ಅಳೆಯುತ್ತದೆ.

ಕಣದಲ್ಲಿ ಅಳೆದ ರಾಗಿಯನ್ನು ನೆನೆಸಿಕೊಳ್ಳಿ. ಶಾನುಭೋಗ ಹತ್ತು ಪಲ್ಲ ಎಂದು ಬರೆದುಕೊಂಡ. ಮನೆಯ ದಾರಿಯಲ್ಲಿ ಚೀಲ ಸೋರಿದರೂ ಪುಸ್ತಕದಲ್ಲಿ ಹತ್ತೇ. ದಾರಿಯಲ್ಲಿ ಯಾರೋ ಎರಡು ಪಲ್ಲ ಸೇರಿಸಿದರೂ ಹತ್ತೇ. ಏರ್‌ಫ್ಲೋ ಸೆನ್ಸರಿನ ಪಾಡೂ ಇದೇ. ಟರ್ಬೊ ಗಾಡಿಯ ಗಾಳಿಗೆ ದಾರಿ ಉದ್ದ: ಸೆನ್ಸರಿನಿಂದ ಟರ್ಬೊಗೆ, ಅಲ್ಲಿಂದ ಇಂಟರ್‌ಕೂಲರಿಗೆ, ಥ್ರಾಟಲ್ ದಾಟಿ ಮ್ಯಾನಿಫೋಲ್ಡಿಗೆ. ನಡುವೆ ಹತ್ತಾರು ಹೋಸು, ಕ್ಲಿಪ್ಪು. ಟರ್ಬೊ ದಾಟಿದ ಮೇಲೆ ಹೋಸ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಅಳೆದ ಗಾಳಿ ಆಚೆ ಹೋಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಬಿರುಕಿದ್ದರೆ ಐಡ್ಲಿಂಗ್‌ನಲ್ಲಿ ಅಳೆಯದ ಗಾಳಿ ಒಳನುಗ್ಗುತ್ತದೆ, ಆರ್‌ಪಿಎಂ ಏರಿದಂತೆ ಆ ದೋಷ ಕರಗುತ್ತದೆ. ಸೆನ್ಸರ್ ಮತ್ತು ಟರ್ಬೊ ನಡುವೆ ಸೋರಿದರೆ ಅಳೆಯದ ಗಾಳಿ ಹೆಚ್ಚುಕಡಿಮೆ ಒಂದೇ ಪಾಲಿನಲ್ಲಿ ಸದಾ ಸೇರುತ್ತಲೇ ಇರುತ್ತದೆ. ಈ ಮೂರು ಚಹರೆ ಗುರುತಿಸಬಲ್ಲವನು ಅರ್ಧ ವೈದ್ಯ.

ಸ್ಕ್ಯಾನರ್ ಹಚ್ಚಿದಾಗ ಸಿಕ್ಕಿದ್ದು ಒಂದೇ ಕೋಡ್, ಪಿ 0171. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎಂದು ಅದರ ಅರ್ಥ. ಹಿಂದಿನವರು ಇದನ್ನೇ ನಂಬಿ ಪಂಪನ್ನೂ ಸೆನ್ಸರನ್ನೂ ಬದಲಿಸಿದ್ದು. ಕೋಡ್ ಎಂಬುದು ಠಾಣೆಯಲ್ಲಿ ಕೊಟ್ಟ ದೂರಿನ ಹಾಗೆ, ಯಾರೋ ತಾವು ಕಂಡಷ್ಟನ್ನು ಬರೆಸಿರುತ್ತಾರೆ. ತನಿಖೆ ಬಾಕಿಯಿರುತ್ತದೆ.

ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಮೇಸ್ತ್ರಿ ಕೀ ಆನ್ ಮಾಡಿ ಒತ್ತಡದ ಸೆನ್ಸರಿನ ಅಂಕಿ ನೋಡಿದರು. 91 ಕಿಲೋಪಾಸ್ಕಲ್ ಆಸುಪಾಸು. "ಮಂಗಳೂರಲ್ಲಿ ನೋಡಿದ್ರೆ 101 ಇರಬೇಕು, ನಮ್ಮೂರು ಎತ್ತರ ಅಲ್ವಾ, ಇಷ್ಟೇ." ಸೆನ್ಸರ್ ಸುಳ್ಳು ಹೇಳುತ್ತಿಲ್ಲವೆಂದು ಊರಿನ ಹವೆಯಿಂದಲೇ ಖಾತ್ರಿ ಮಾಡಿಕೊಳ್ಳುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಆಮೇಲೆ ಫ್ಯೂಯಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಹೇಳಿದ್ದು ಕೇಳಿ ಕಂಪ್ಯೂಟರ್ ತನ್ನ ಲೆಕ್ಕಕ್ಕೆ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ ಅದು, ಪ್ಲಸ್ ಎಂದರೆ ಪೆಟ್ರೋಲ್ ಹೆಚ್ಚಿಸಿದ್ದು. ಐಡ್ಲಿಂಗ್‌ನಲ್ಲಿ ಪ್ಲಸ್ 19, 3000 ಆರ್‌ಪಿಎಂನಲ್ಲಿ ಪ್ಲಸ್ 18. ಮೇಸ್ತ್ರಿ ಮೊದಲು ಅದರಲ್ಲಿ ಆರೇಳು ಅಂಕ ಕಳೆದರು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಅಪ್ಪಟ ಪೆಟ್ರೋಲಿಗೆಂದು ಹೊಂದಿಸಿದ ಹಳೇ ಗಾಡಿ ಅದನ್ನು ಪ್ಲಸ್ ಎಂದೇ ತೋರಿಸುತ್ತದೆ. ಉಳಿದ ಹನ್ನೆರಡು ಅಂಕ ನಿಜವಾದ ದೋಷ. ಅದು ಆರ್‌ಪಿಎಂ ಏರಿದರೂ ಕರಗಲಿಲ್ಲ, ಆದ್ದರಿಂದ ಮ್ಯಾನಿಫೋಲ್ಡಿನ ಮೇಲಿನ ಅನುಮಾನ ಬಿಟ್ಟುಹೋಯಿತು. ಪಂಪೂ ಏರ್‌ಫ್ಲೋ ಸೆನ್ಸರೂ ಹೊಸವು. ದಂಡ ಎಂದುಕೊಂಡಿದ್ದ ಬಿಲ್ಲುಗಳು ಇಲ್ಲಿ ಸಾಕ್ಷಿಗೆ ಬಂದವು.

ರಸ್ತೆಗಿಳಿದೆವು. ಮೇಸ್ತ್ರಿ ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕೂತರು. ಗೆಳೆಯ ಜೋರಾಗಿ ಹೋಗಿ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದ. ಪುಸ್. ಪರದೆಯಲ್ಲಿ ಪೆಟ್ರೋಲ್ ಒಮ್ಮೆಲೇ ಹೆಚ್ಚಾಯಿತು, ಮುಳ್ಳು ತಡವರಿಸಿತು, ಎಂಜಿನ್ ಆಫ್. ಸದಾ ಪೆಟ್ರೋಲ್ ಕಮ್ಮಿಯೆನ್ನುವ ಗಾಡಿ ಈ ಒಂದು ಗಳಿಗೆಯಲ್ಲಿ ಪೆಟ್ರೋಲಿನಲ್ಲೇ ಮುಳುಗುತ್ತಿತ್ತು. ಎರಡೂ ಮಾತು ನಿಜವಾಗಬೇಕಾದರೆ ತೂತು ಇರಬಹುದಾದ ಜಾಗ ಒಂದೇ.

ಓಡುವಾಗ ಥ್ರಾಟಲ್ ಥಟ್ಟನೆ ಮುಚ್ಚಿದರೆ ಟರ್ಬೊ ಒತ್ತಿಟ್ಟ ಗಾಳಿಗೆ ದಾರಿ ಇಲ್ಲ. ಆಗ ಡೈವರ್ಟರ್ ವಾಲ್ವ್ ತೆರೆದು, ಆ ಗಾಳಿಯನ್ನು ಒಂದು ಅಡ್ಡ ಹೋಸಿನ ಮೂಲಕ ಮತ್ತೆ ಟರ್ಬೊದ ಬಾಯಿಗೇ ಬಿಡುತ್ತದೆ. ಅಳೆದ ಗಾಳಿ ಒಳಗೇ ಸುತ್ತುವುದರಿಂದ ಲೆಕ್ಕ ತಪ್ಪುವುದಿಲ್ಲ. ಆ ಅಡ್ಡ ಹೋಸೇ ಸೀಳಿದ್ದರೆ? ಗಾಳಿ ಆಚೆ ಹಾರುತ್ತದೆ. ಇನ್ನೂ ಸುತ್ತುತ್ತಿರುವ ಟರ್ಬೊ ಸೆನ್ಸರಿನ ಮೂಲಕ ಹೊಸ ಗಾಳಿ ಎಳೆಯುತ್ತದೆ. ಎಂಜಿನ್ ಮುಟ್ಟದ ಆ ಗಾಳಿಗೂ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಉಳಿದ ಹೊತ್ತಿನಲ್ಲಿ ಅದೇ ಸೀಳು ಅಳೆಯದ ಗಾಳಿಯನ್ನು ಒಳಗೆಳೆಯುತ್ತದೆ. ಶಬ್ದಕ್ಕೆಂದು ಹುಡುಗರು ಹಾಕಿಸುವ, ಗಾಳಿಯನ್ನು ನೇರ ಆಚೆ ಬಿಡುವ ವಾಲ್ವುಗಳೂ ಏರ್‌ಫ್ಲೋ ಸೆನ್ಸರಿನ ಗಾಡಿಗಳನ್ನು ಹಂಪಿನೆದುರು ನಿಲ್ಲಿಸುವುದು ಹೀಗೆಯೇ.

ಮೇಸ್ತ್ರಿ ಆದರೂ ಹೋಸಿಗೆ ನೇರ ಕೈ ಹಾಕಲಿಲ್ಲ. ಮೊದಲು ವಾಲ್ವ್ ಬಿಚ್ಚಿ, ಒಳಗಿನ ರಬ್ಬರ್ ಪೊರೆಯನ್ನು ಬೆರಳಿನಿಂದ ಒತ್ತಿ, ನಳಿಕೆಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಬಿಟ್ಟರು. ಪೊರೆ ಮೇಲೇಳಲಿಲ್ಲ, ಅಂದರೆ ಹರಿದಿಲ್ಲ. ಆಮೇಲೆ ಪಿವಿಸಿ ಪೈಪಿನ ಮುಚ್ಚಳವೊಂದು ಬಂತು, ಅದಕ್ಕೆ ಟೈರಿನ ವಾಲ್ವ್ ಕೂರಿಸಿದ್ದರು. ಸೆನ್ಸರ್ ಬಿಚ್ಚಿ, ಹೋಸಿನ ಬಾಯಿಗೆ ಅದನ್ನು ಬಿಗಿದು ಗಾಳಿ ತುಂಬಿದರು, ಅರ್ಧ ಬಾರ್ ದಾಟದ ಹಾಗೆ. ಜಾಸ್ತಿಯಾದರೆ ಎಂಜಿನ್ನಿನ ಆಯಿಲ್ ಸೀಲುಗಳು ಕಿತ್ತುಬರುತ್ತವೆ. ಸೋಪಿನ ನೀರು ಚಿಮುಕಿಸಿದರು. ಅಡ್ಡ ಹೋಸಿನ ಹೊಟ್ಟೆಯ ಕೆಳಗೆ, ಕಣ್ಣಿಗೆ ಕಾಣದ ಕಡೆ, ನೊರೆ ಬುಳಬುಳನೆ ಎದ್ದಿತು. ಕೈಯಾಡಿಸಿದರೆ ಬೆರಳಿಗೆ ಆಯಿಲ್ ಜಿಡ್ಡು, ಧೂಳು. ಸೀಳು ಒಂದೂವರೆ ಇಂಚು.

  

ಹೊಸ ಹೋಸ್, ಎರಡು ಕ್ಲಿಪ್, ಅರ್ಧ ಗಂಟೆಯ ಕೆಲಸ. ಟ್ರಿಮ್ ಪ್ಲಸ್ ಏಳಕ್ಕೆ ಇಳಿಯಿತು. ಅದೇ ರಸ್ತೆ, ಅದೇ ಹಂಪ್. ಮೂರು ಸಲ ಹೋಗಿ ಬಂದೆವು. ಮುಳ್ಳು ಪ್ರತಿ ಸಲವೂ 800ಕ್ಕೆ ಬಂದು ನಿಂತಿತು. ಮೇಸ್ತ್ರಿ ತೃಪ್ತಿಯಿಂದ ಸ್ಕ್ಯಾನರಿನ ವಯರ್ ಸುತ್ತುತ್ತಿದ್ದರೆ, ಗೆಳೆಯ ಮತ್ತೊಮ್ಮೆ ಆಕ್ಸಿಲರೇಟರ್ ಒತ್ತಿ ಬಿಟ್ಟು ಕಿವಿಗೊಟ್ಟ.

"ಆ ಪುಸ್ ಶಬ್ದ ಹೋಯ್ತಲ್ಲ ಅಣ್ಣ," ಅಂದ, ಸ್ವಲ್ಪ ಬೇಜಾರಿನಲ್ಲೇ.