ಚಿನ್ನದ ಮೇಲೆ ಎರಡು ಕಠಾರಿ

ಕೊಲೆ ಮಾಡಿದವನೇ ಅದನ್ನು ನಾಣ್ಯದ ಮೇಲೆ ಸಾರಿಕೊಂಡದ್ದುಂಟು. ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರನನ್ನು ಇರಿದವರಲ್ಲೊಬ್ಬ ಬ್ರೂಟಸ್. ಎರಡು ವರ್ಷದ ನಂತರ, ಯುದ್ಧಕ್ಕೆ ಸಜ್ಜಾಗುತ್ತಿದ್ದಾಗ ಅವನು ಅಚ್ಚು ಹಾಕಿಸಿದ ನಾಣ್ಯದ ಹಿಂಬದಿಯಲ್ಲಿ ಎರಡು ಕಠಾರಿಗಳಿವೆ, ನಡುವೆ ಟೋಪಿ, ಕೆಳಗೆ ಕೊಲೆಯ ದಿನ. ಬಿಡುಗಡೆಯಾದ ಗುಲಾಮರು ತೊಡುತ್ತಿದ್ದ ಟೋಪಿ ಅದು. ಓದು ಬಾರದ ಸೈನಿಕನಿಗೂ ಸಂದೇಶ ತಿಳಿಯುತ್ತಿತ್ತು: ಇರಿದೆವು, ರೋಮ್ ಬಂಧಮುಕ್ತವಾಯಿತು. ತಮಾಷೆಯೆಂದರೆ, ಮುಂಬದಿಯಲ್ಲಿರುವುದು ಬ್ರೂಟಸನದೇ ಮುಖ. ಬದುಕಿದ್ದಾಗಲೇ ರೋಮಿನ ನಾಣ್ಯದ ಮೇಲೆ ಮುಖ ಹಾಕಿಸಿಕೊಂಡು ಪದ್ಧತಿ ಮುರಿದವನು ಸೀಸರನೇ ಅಲ್ಲವೇ! ಇವುಗಳಲ್ಲಿ ಬೆಳ್ಳಿಯವು ಹಲವು ಉಳಿದಿವೆ, ಚಿನ್ನದವು ಬೆರಳೆಣಿಕೆಯಷ್ಟು.

ಔರಿಯಸ್ ಎಂಬ ಈ ಚಿನ್ನದ ನಾಣ್ಯ ಆಗ ಸುಮಾರು 8 ಗ್ರಾಂ ತೂಗುತ್ತಿತ್ತು. ಒಂದಕ್ಕೆ 25 ಬೆಳ್ಳಿ ದಿನಾರಿಯಸ್. ಅಡಿಗಲ್ಲಿನಲ್ಲಿ ಕೂರಿಸಿದ ಒಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಚಿನ್ನದ ಬಿಲ್ಲೆ, ಮೇಲೆ ಸುತ್ತಿಗೆಯ ಪೆಟ್ಟು. ಹೆಚ್ಚುಕಡಿಮೆ ಅಪ್ಪಟ ಚಿನ್ನವಾದ್ದರಿಂದ ಲೋಹ ಮೃದು. ಕೂದಲೆಳೆಯಂಥ ಗೆರೆಯೂ ಸ್ಪಷ್ಟವಾಗಿ ಮೂಡುತ್ತಿತ್ತು. ಚಕ್ರವರ್ತಿ ಆಗಸ್ಟಸ್ ಈಜಿಪ್ಟ್ ಗೆದ್ದದ್ದನ್ನು ಸಾರಲು ನಾಣ್ಯದ ಮೇಲೆ ಒಂದು ಮೊಸಳೆ ಸಾಕಾಯಿತು. ಯುದ್ಧವಿಲ್ಲ ಎನ್ನಲು ಚಕ್ರವರ್ತಿ ನೀರೋ ಬಾಗಿಲು ಮುಚ್ಚಿದ ಜೇನಸ್ ದೇವಾಲಯವನ್ನು ತೋರಿಸಿದ. ಅದೇ ನೀರೋ ಕ್ರಿ.ಶ. 64ರ ಹೊತ್ತಿಗೆ ಒಂದು ರೋಮನ್ ಪೌಂಡ್ ಚಿನ್ನದಲ್ಲಿ 40ರ ಆಸುಪಾಸಿನ ಬದಲು 45 ನಾಣ್ಯ ಹೊಡೆಸಿದ. ಬೆಳ್ಳಿಗೆ ತಾಮ್ರ ಬೆರೆಸಿದ, ಚಿನ್ನದಲ್ಲಿ ತೂಕ ಕದ್ದ. ಚಿತ್ರದಲ್ಲಿ ಮಾತ್ರ ಎಲ್ಲವೂ ಸುಭಿಕ್ಷ.

ಈ ಚಿನ್ನ ಮೆಣಸಿಗಾಗಿ, ರತ್ನಗಳಿಗಾಗಿ ದಕ್ಷಿಣ ಭಾರತಕ್ಕೆ ಹರಿಯಿತು. ಭಾರತವೊಂದೇ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹೀರುತ್ತಿದೆಯೆಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. 1898ರಲ್ಲಿ ತಮಿಳುನಾಡಿನ ಪುದುಕೋಟೆ ಸೀಮೆಯಲ್ಲಿ 501 ಔರಿಯಸ್‌ಗಳ ನಿಧಿ ಸಿಕ್ಕಿತು. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯೇಟು! ಚಿನ್ನದ ಪರೀಕ್ಷೆಯೇ? ಅದಕ್ಕೆ ಅಂಚಿನಲ್ಲೊಂದು ಗೀರು ಸಾಕಿತ್ತು. ಪರರಾಜನ ಮುದ್ರೆಯನ್ನು ರದ್ದುಪಡಿಸಿ, ತೂಗಿ ಕೊಡುವ ಬರಿಯ ಚಿನ್ನವಾಗಿಸಿದರು ಎಂಬ ವಾದವೇ ನನಗೆ ಹೆಚ್ಚು ಒಪ್ಪಿಗೆ. ಉಳಿಯೇಟು ಲೋಹವನ್ನು ಪಕ್ಕಕ್ಕೆ ತಳ್ಳುತ್ತದೆ, ತೆಗೆಯುವುದಿಲ್ಲ. ತೂಕ ಹಾಗೆಯೇ ಉಳಿಯುತ್ತದೆ.

ಶತಮಾನಗಳ ನಂತರ ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್ಮಿನ ಸಾಲಿಡಸ್ ಎಂಬ ಚಿನ್ನದ ನಾಣ್ಯಗಳು ಇಲ್ಲಿಗೆ ಬಂದವು. ನಮ್ಮ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲೂ ಸಿಕ್ಕಿವೆ. ದಕ್ಷಿಣದಲ್ಲಿ ದೊರೆತ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಜೋಡಿ ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಮುಖ ನೆಟ್ಟಗೆ ನಿಲ್ಲಬೇಕಲ್ಲ!